ಹರಿದ ಕಂಬಳಿ, ಉಳಿಕೆ ತೊಗಲು: ನಾಲ್ಕು ಮಳೆಗಾಲ ಕಂಡ ನನ್ನ ಹೆಗಲುಚೀಲ

ಈ ಚೀಲ ನನ್ನ ಕೈಗೆ ಬಂದದ್ದು 2021ರ ದೀಪಾವಳಿಯ ಹಿಂದಿನ ವಾರ. ಅಲ್ಲಿಂದ ಇಲ್ಲಿಯವರೆಗೆ ಶಾಲೆ ಇದ್ದ ದಿನವೆಲ್ಲ ಹಾವೇರಿಯಿಂದ ರಾಣೆಬೆನ್ನೂರಿಗೆ ಕೆಂಪು ಬಸ್ಸಿನಲ್ಲಿ ನನ್ನ ಜೊತೆ ಓಡಾಡಿದೆ. ಒಳಗೆ ಊಟದ ಡಬ್ಬಿ, ನೀರಿನ ಬಾಟಲಿ, ತಿದ್ದಬೇಕಾದ ಗಣಿತದ ನೋಟ್‌ಬುಕ್ಕುಗಳು, ಕೊಡೆ. ಹೊಸದರಲ್ಲಿ ಎಲ್ಲ ಚೀಲವೂ ಚೆಂದವೇ. ಅದಕ್ಕೇ ನಾಲ್ಕು ಮಳೆಗಾಲ ಕಳೆಯಲಿ ಅಂತ ಕಾದು ಈಗ ಬರೆಯುತ್ತಿದ್ದೇನೆ.

ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳು ಸೇರಿ ಇದನ್ನು ಮಾಡುತ್ತಾರೆ. ಅಂಗಡಿ ಇಲ್ಲ, ಬೋರ್ಡಿಲ್ಲ. ಒಬ್ಬರ ಮನೆಯ ಪಡಸಾಲೆಯೇ ಕಾರ್ಖಾನೆ. ಸುತ್ತಲಿನ ಊರುಗಳಲ್ಲಿ ನಡುವೆ ಹರಿದು ಮೂಲೆಗೆ ಬಿದ್ದ ಕಂಬಳಿಗಳನ್ನು ಕೊಂಡು ತಂದು, ಗಟ್ಟಿ ಉಳಿದ ಭಾಗ ಕತ್ತರಿಸಿ ಚೀಲ, ಕನ್ನಡಕದ ಚೀಲ, ಚಿಲ್ಲರೆ ಚೀಲ, ಆಸನ ಹೊಲಿಯುತ್ತಾರೆ. ತೊಗಲಿನ ಕೆಲಸಕ್ಕೆ ಅದೇ ಊರಿನ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿದ್ದಾರೆ. ಎಲ್ಲರಿಗೂ ಅವರು ಕಾಕಾ, ನನಗೂ. ಅವರ ಹತ್ತಿರ ಎರಡು ಬಗೆಯ ತೊಗಲು ಬರುತ್ತದೆ. ಹಳೇ ಸೋಫಾ, ಕಾರಿನ ಸೀಟುಗಳಿಂದ ಬಿಚ್ಚಿದ ಮೆತ್ತನೆಯದು ಒಂದು. ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡುವಾಗ ಉಳಿಯುವ ದಪ್ಪ ಚೂರುಗಳು ಇನ್ನೊಂದು. ಆ ಚಪ್ಪಲಿಗೆ 2019ರಲ್ಲಿ ಜಿಐ ಮಾನ್ಯತೆ (ಇಂಥ ಪ್ರದೇಶದ್ದೇ ವಸ್ತು ಎನ್ನುವ ಗುರುತು) ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದ್ದವು. ಹೆಸರು ಕೊಲ್ಹಾಪುರದ್ದಾದರೂ ಕೈ ನಮ್ಮವರದೂ ಹೌದು.

ಚೀಲ ಸುಮಾರು 14 ಇಂಚು ಅಗಲ, 11 ಇಂಚು ಎತ್ತರ. ಮೈಯೆಲ್ಲ ಕರಿ ಕಂಬಳಿ. ಬಣ್ಣ ಹಾಕಿದ ಕಪ್ಪಲ್ಲ, ಕುರಿಯ ಕಪ್ಪೇ. ಬಿಸಿಲಿಗೆ ಹಿಡಿದರೆ ಒಳಗೆ ಕಂದು ಎಳೆ, ಅಲ್ಲಲ್ಲಿ ನರೆತ ಕೂದಲಿನಂಥ ಬಿಳಿ ಎಳೆ ಕಾಣುತ್ತದೆ. ಕಂಬಳಿಯ ಬಿಳಿ ಅಂಚನ್ನು ಸರಿಯಾಗಿ ಬಾಯಿಯ ಹತ್ತಿರ ಬರುವ ಹಾಗೆ ಕತ್ತರಿಸಿದ್ದಾರೆ. ಮೇಲ್ಮುಚ್ಚಳ, ತಳದ ನಾಲ್ಕು ಮೂಲೆ, ಹೆಗಲಪಟ್ಟಿ ತೊಗಲಿನವು. ಅಸ್ತರ ಹತ್ತಿಯದು. ಕೊಟ್ಟದ್ದು 1,400 ರೂಪಾಯಿ.

ಇದಕ್ಕೂ ಮೊದಲು ಆನ್‌ಲೈನಿನಲ್ಲಿ ‘ರೀಸೈಕಲ್ಡ್ ಲೆದರ್’ ಅಂತ ಬರೆದಿದ್ದ ಒಂದು ಚೀಲ ತರಿಸಿದ್ದೆ. ಹನ್ನೊಂದನೇ ತಿಂಗಳಿಗೆ ಮಡಿಕೆ ಬೀಳುವ ಕಡೆಯೆಲ್ಲ ಮೇಲ್ಪದರ ಹೊಟ್ಟಿನ ಹಾಗೆ ಉದುರತೊಡಗಿತು. ಕಾಕಾಗೆ ತೋರಿಸಿದೆ. ಅವರು ಕತ್ತರಿಸಿದ ಅಂಚನ್ನು ಉಗುರಿನಿಂದ ಕೆದರಿ, “ಇದರಾಗ ನಾರ ಇಲ್ರಿ ಅಕ್ಕೋರ, ಬರೇ ಹಿಟ್ಟ ಐತಿ” ಅಂದರು. ಅವರ ಮಾತು ಅಕ್ಷರಶಃ ನಿಜ. ಕಾರ್ಖಾನೆಗಳ ತೊಗಲಿನ ಚೂರನ್ನು ಪುಡಿಮಾಡಿ, ಅಂಟಿನಲ್ಲಿ ಕಲಸಿ, ಹಾಳೆಯಾಗಿ ಒತ್ತಿ, ಮೇಲೆ ಪ್ಲಾಸ್ಟಿಕ್ ಪದರ ಕೊಟ್ಟು ತೊಗಲಿನ ಗೆರೆ ಮೂಡಿಸಿದ ವಸ್ತು ಅದು. ಬಾಂಡೆಡ್ ಲೆದರ್ ಅನ್ನುತ್ತಾರೆ. ತೊಗಲಿನ ಬಲ ಇರುವುದೇ ಒಂದರೊಳಗೊಂದು ಹೆಣೆದುಕೊಂಡ ನಾರಿನಲ್ಲಿ. ಅದನ್ನು ಪುಡಿ ಮಾಡಿದ ಮೇಲೆ ಅಂಟಿಗೆ ಎಷ್ಟು ಆಯಸ್ಸೋ ಚೀಲಕ್ಕೂ ಅಷ್ಟೇ.

ಉಣ್ಣೆಯಲ್ಲೂ ಹೀಗೇ ಎರಡು ದಾರಿ ಇವೆ. ಹಳೇ ಉಣ್ಣೆ ಬಟ್ಟೆಯನ್ನು ಯಂತ್ರಕ್ಕೆ ಕೊಟ್ಟು ಹಿಂಜಿ ಮತ್ತೆ ನೂಲು ತೆಗೆಯುವುದನ್ನು 1813ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಬ್ಯಾಟ್ಲಿ ಊರಿನ ಬೆಂಜಮಿನ್ ಲಾ ಶುರುಮಾಡಿದ. ಆ ನೂಲಿಗೆ ‘ಶಾಡಿ’ ಅಂತ ಹೆಸರು. ಇವತ್ತು ನಮ್ಮ ದೇಶದಲ್ಲಿ ಪಾಣಿಪತ್ ಅದಕ್ಕೆ ಹೆಸರಾದ ಊರು. ಹೊರದೇಶದ ಹಳೇ ಸ್ವೆಟರು, ಕೋಟುಗಳು ಅಲ್ಲಿಗೆ ಬಂದು, ಬಣ್ಣಬಣ್ಣವಾಗಿ ಬೇರೆಯಾಗಿ, ಅಗ್ಗದ ಹೊದಿಕೆಗಳಾಗುತ್ತವೆ. ಚಳಿಯಲ್ಲಿ ಬಡವರ ಮೈ ಮುಚ್ಚುವ ಕೆಲಸ ಅದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಹಿಂಜಿದಾಗ ಎಳೆ ತುಂಡಾಗುತ್ತದೆ, ತುಂಡು ಎಳೆಯ ನೂಲಿಗೆ ಜಗ್ಗುವ ಶಕ್ತಿ ಕಡಿಮೆ. ದಿನಾ ನಾಲ್ಕು ಕಿಲೋ ಹೊರುವ ಚೀಲಕ್ಕೆ ಅದು ಸಾಲದು. ನಮ್ಮ ಪಡಸಾಲೆಯವರು ಹಿಡಿದಿರುವುದು ಕೌದಿಯ ದಾರಿ. ಹಿಂಜುವುದಿಲ್ಲ, ಪುಡಿಮಾಡುವುದಿಲ್ಲ, ಗಟ್ಟಿ ಇದ್ದದ್ದನ್ನು ಗಟ್ಟಿ ಇದ್ದ ಹಾಗೇ ಕತ್ತರಿಸಿ ಕೂಡಿಸುತ್ತಾರೆ. ಅಜ್ಜಿಯರು ಹಳೇ ಸೀರೆ, ಅಂಗಿಗಳಿಗೆ ಮಾಡಿದ್ದನ್ನೇ ಇವರು ಕಂಬಳಿಗೂ ತೊಗಲಿಗೂ ಮಾಡುತ್ತಿದ್ದಾರೆ.

ಚೀಲಕ್ಕೆ ಹೊಸ ಕಂಬಳಿಗಿಂತ ಹಳೆಯದೇ ಒಳ್ಳೆಯದು ಎನ್ನುವುದು ನನಗೆ ಮೊದಲು ಗೊತ್ತಿರಲಿಲ್ಲ. ಕಂಬಳಿಗೆ ಬಳಸುವ ದಖನಿ ತಳಿಯ ಕುರಿಯ ಉಣ್ಣೆ ಒರಟು, ಸ್ವೆಟರಿಗೆ ಬರುವುದಿಲ್ಲ. ಹಾಸಿನ (ಉದ್ದಕ್ಕೆ ಎಳೆಯುವ) ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ, ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಗುಂಡಿ ಮಗ್ಗದಲ್ಲಿ ನೇಯುತ್ತಾರೆ. ಹೊಸತರಲ್ಲಿ ಬಿರುಸಾಗಿರುತ್ತದೆ, ಕತ್ತರಿಸಿದರೆ ಅಂಚಿನಿಂದ ಎಳೆ ಬಿಚ್ಚಿಕೊಳ್ಳುತ್ತದೆ. ಇಪ್ಪತ್ತು ವರ್ಷ ಹೊದ್ದು, ಹಾಸಿ, ಮಳೆಗೆ ನೆನೆದು, ಬಿಸಿಲಿಗೆ ಒಣಗಿದ ಕಂಬಳಿಯಲ್ಲಿ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ದಟ್ಟವಾಗಿರುತ್ತವೆ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸಣ್ಣ ಪದರಗಳಿರುತ್ತವೆ. ನೀರು ಮತ್ತು ತಿಕ್ಕಾಟ ಸಿಕ್ಕಾಗ ಅವು ಹೆಣೆದುಕೊಳ್ಳುತ್ತವೆ. ಹಾಗಾಗಿ ಕತ್ತರಿ ಹಾಕಿದರೂ ಅಂಚು ನಿಲ್ಲುತ್ತದೆ. ಕತ್ತರಿಸುವ ಕೂಲಿಯೂ ಹುಟ್ಟುವುದಿಲ್ಲ ಅಂತ ಕುರಿಗಾರರು ಉಣ್ಣೆಯನ್ನೇ ಬಿಸಾಡುವ ಈ ಕಾಲದಲ್ಲಿ ಅಂಥ ಕಂಬಳಿ ಇನ್ನು ಎಷ್ಟು ದಿನ ಸಿಕ್ಕೀತು ಅನ್ನುವ ಚಿಂತೆ ನನಗಿದೆ.

ಈಗ ತೊಂದರೆಗಳ ಮಾತು. ದೊಡ್ಡದು ಹೊಲಿಗೆಯದು. ಹದಿನಾಲ್ಕನೇ ತಿಂಗಳಲ್ಲಿ, ಹೆಗಲಪಟ್ಟಿ ಮೈಗೆ ಸೇರುವ ಎಡಗಡೆ ಬಾಯಿ ಬಿಟ್ಟಿತು. ದಾರ ಹರಿದಿರಲಿಲ್ಲ, ತೊಗಲೂ ಹರಿದಿರಲಿಲ್ಲ. ತೊಗಲಿನ ಅಂಚಿಗೆ ತಾಗಿದ ಕಡೆ ಕಂಬಳಿಯೇ ಗರಗಸ ಆಡಿಸಿದಂತೆ ಸವೆದು ಹೋಗಿತ್ತು. ತಗೊಂಡು ಹೋದೆ. ಕತ್ತರಿಸುವ ಕೆಲಸ ನೋಡಿಕೊಳ್ಳುವ ದೊಡ್ಡವ್ವ ಆ ಸಂದಿನಲ್ಲಿ ಎರಡು ಬೆರಳು ತೂರಿಸಿ ಅಗಲಿಸಿ ನೋಡಿ, “ಉಣ್ಣಿ ಜಗ್ಗತೈತಿ, ತೊಗಲ ಜಗ್ಗಂಗಿಲ್ಲ. ನಡುವ ಅರವಿ ಇಡಬೇಕಿತ್ತು, ತಪ್ಪಾತ್ರಿ” ಅಂದರು. ನೆಪ ಹೇಳಲಿಲ್ಲ.

ಆ ಮಧ್ಯಾಹ್ನ ಅಲ್ಲೇ ಕೂತು ನೋಡಿದೆ. ಕಾಕಾ ಹಳೇ ಹೊಲಿಗೆ ಪೂರ್ತಿ ಬಿಚ್ಚಿದರು. ತೊಗಲು ಹೆರೆಯುವ ರಂಪಿಯನ್ನು ಕಲ್ಲಿನ ಮೇಲೆ ಮಸೆದು, ತೊಗಲಿನ ಅಂಚನ್ನು ಒಳಮೈಯಿಂದ ಓರೆಯಾಗಿ ಹೆರೆದು ಕಾಗದದಷ್ಟು ತೆಳ್ಳಗೆ ಮಾಡಿದರು. ಹೆರೆದ ಸಿಪ್ಪೆ ಸುರುಳಿ ಸುರುಳಿಯಾಗಿ ಮೊಣಕಾಲ ಮೇಲೆ ಬೀಳುತ್ತಿತ್ತು. ದೊಡ್ಡವ್ವ ಹಳೇ ಧೋತರದ ಎರಡು ಬೆರಳಗಲದ ಪಟ್ಟಿಯನ್ನು ಮಡಚಿ ಕಂಬಳಿಗೂ ತೊಗಲಿಗೂ ನಡುವೆ ಕೂಡಿಸಿದರು. ಮೊದಲು ಇಂಚಿಗೆ ಎಂಟು ತೂತಿದ್ದವು, ಈ ಸಲ ಐದೇ. ತೂತು ಒತ್ತಾದರೆ ಅಂಚೆ ಚೀಟಿಯ ಹಾಗೆ ಅದೇ ಗೆರೆಗುಂಟ ಹರಿಯುತ್ತದೆ ಅಂತ ಕಾಕಾ ಹೇಳಿದರು. ಮೇಣ ಹಚ್ಚಿದ ದಾರ, ಎರಡು ದಬ್ಬಳ, ಎರಡೂ ಕಡೆಯಿಂದ ಹೊಲಿಗೆ. ಅವತ್ತಿನಿಂದ ಸುಮಾರು ಮೂರು ವರ್ಷ ಆಯಿತು, ಆ ಕಡೆ ಒಂದು ಎಳೆ ಅಲುಗಿಲ್ಲ. ಈಗ ಎಲ್ಲ ಚೀಲಗಳಿಗೂ ನಡುವೆ ಅರಿವೆ ಇಟ್ಟೇ ಹೊಲಿಯುತ್ತಾರೆ. ಉಣ್ಣೆ ಮತ್ತು ತೊಗಲು ಕೂಡಿದ ಯಾವ ಚೀಲ ಕೊಂಡರೂ ಮೊದಲು ಆ ಸಂದಿನಲ್ಲಿ ಬೆರಳಾಡಿಸಿ ನೋಡಿ. ವಸ್ತು ಎಷ್ಟೇ ಚೆನ್ನಾಗಿದ್ದರೂ ಚೀಲ ಸೋಲುವುದು ಅಲ್ಲಿಯೇ.

ಎರಡನೆಯದು ಕಪ್ಪು ಕಲೆ. 2022ರ ಮಳೆಗಾಲದಲ್ಲಿ ಒಂದು ಸಂಜೆ ಪೂರ್ತಿ ನೆನೆದು ಬಂದೆ. ಬೆಳಗ್ಗೆ ನೋಡಿದರೆ ಬಕಲ್ ಕೂತ ಜಾಗದಲ್ಲಿ ಮುಚ್ಚಳದ ಮೇಲೆ ನೀಲಿಗಪ್ಪು ಮಚ್ಚೆ. ಶಾಯಿ ಚೆಲ್ಲಿದೆ ಅಂದುಕೊಂಡೆ. ಒಂದು ಲೆಕ್ಕದಲ್ಲಿ ಅದು ಶಾಯಿಯೇ. ಮುಚ್ಚಳ ಚಪ್ಪಲಿ ತೊಗಲಿನದು, ಅಳಲೆಕಾಯಿ ಮತ್ತು ಮರದ ತೊಗಟೆಯ ಒಗರಿನಲ್ಲಿ ಹದ ಮಾಡಿದ್ದು. ಬಕಲ್ ಕಬ್ಬಿಣದ್ದು. ಒಗರಿಗೆ ಕಬ್ಬಿಣ, ನೀರು ಸೇರಿದರೆ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. “ಅಳಲೇಕಾಯಿ ಕುಡದ ತೊಗಲಿಗೆ ಕಬ್ಬಣ ಆಗಿಬರಂಗಿಲ್ರಿ” ಅಂದ ಕಾಕಾ ನಿಂಬೆಹಣ್ಣಿನ ರಸ ಹಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಒಣಗಿಸಿ ಒಂದು ಹನಿ ಹರಳೆಣ್ಣೆ ಸವರಿದರು. ಮಚ್ಚೆ ಮುಕ್ಕಾಲು ಪಾಲು ಹೋಯಿತು. ಬಕಲ್ ಹಿತ್ತಾಳೆಯದು ಹಾಕಿಸಿದೆ. ಸೋಫಾ ತೊಗಲಿನ ಹೆಗಲಪಟ್ಟಿಗೆ ಈ ತೊಂದರೆ ಇಲ್ಲ, ಅದು ಒಗರಿನಲ್ಲಲ್ಲ, ಕ್ರೋಮಿನಲ್ಲಿ (ಕ್ರೋಮಿಯಂ ಲವಣದಲ್ಲಿ) ಹದ ಮಾಡಿದ್ದು. ಕತ್ತರಿಸಿದ ಅಂಚಿನಲ್ಲಿ ಬೂದಿನೀಲಿ ಬಣ್ಣ ಕಾಣುತ್ತದೆ. ಕೊಳ್ಳುವಾಗ ನನಗೆ “ಎಲ್ಲಾ ಅಳಲೆಕಾಯಿ ತೊಗಲು” ಅಂತ ಹೇಳಿದ್ದರು. ಅದು ಸರಿಯಲ್ಲ, ಎರಡೂ ಇವೆ. ಮಾರುವವರು ಇದನ್ನು ಬಿಡಿಸಿ ಹೇಳಲೇಬೇಕು.

ಮಳೆಯಲ್ಲಿ ಉಣ್ಣೆಯ ಮೈ ನನ್ನನ್ನು ಒಂದು ಸಲವೂ ಕೈಬಿಟ್ಟಿಲ್ಲ. ಉಣ್ಣೆ ತನ್ನ ತೂಕದ ಮೂರರಲ್ಲಿ ಒಂದು ಪಾಲಿನ ಹತ್ತಿರ ತೇವ ಹಿಡಿದುಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಬಸ್ ಸ್ಟ್ಯಾಂಡಿನಿಂದ ಶಾಲೆಯ ತನಕದ ಜಿಟಿಜಿಟಿ ಮಳೆಗೆ ಒಳಗಿನ ನೋಟ್‌ಬುಕ್ ನೆನೆದಿಲ್ಲ. ಜಡಿಮಳೆಗೆ ಬೇರೆ ಮಾತು, ಆಗ ಪ್ಲಾಸ್ಟಿಕ್ ಕವರು ಬೇಕೇ ಬೇಕು. ನೆನೆದಾಗ ಕುರಿ ವಾಸನೆ ಬರುತ್ತದೆ, ಒಣಗಿದ ಮೇಲೆ ಹೋಗುತ್ತದೆ. ಕುರಿಹಟ್ಟಿಯ ಪಕ್ಕ ಬೆಳೆದ ನನಗೆ ಅದು ಊರಿನ ವಾಸನೆ. ಆಗದವರು ಇದನ್ನು ಕೊಳ್ಳಬೇಡಿ.

ಒಣಗಿಸುವುದರಲ್ಲಿ ಒಂದು ಪೇಚಿದೆ. ಉಣ್ಣೆಗೆ ಬಿಸಿಲು ಬೇಕು, ತೊಗಲಿಗೆ ನೆರಳು ಬೇಕು. ಪೂರಾ ಬಿಸಿಲಿಗಿಟ್ಟರೆ ಮುಚ್ಚಳ ಬಿರಿಯುತ್ತದೆ. ಪೂರಾ ನೆರಳಿಗಿಟ್ಟರೆ ಕಂಬಳಿಗೆ ಹುಳ ಬೀಳುತ್ತದೆ, ತೊಗಲಿಗೆ ಬೂಸ್ಟು. ನಾನು ಕಂಡುಕೊಂಡದ್ದು: ಹದಿನೈದು ದಿನಕ್ಕೊಮ್ಮೆ ಬೆಳಗಿನ ಎಳೆಬಿಸಿಲಲ್ಲಿ ಚೀಲದ ಒಳಮೈ ಹೊರಮಾಡಿ ತಂತಿಗೆ ಹಾಕಿ, ತೊಗಲಿನ ಮೇಲೆ ಟವೆಲ್ ಹೊದಿಸುವುದು. ಅರ್ಧ ಗಂಟೆ ಸಾಕು. ರಜೆಯಲ್ಲಿ ಬೀರುವಿನಲ್ಲಿ ಮುಚ್ಚಿಡಬಾರದು. 2023ರ ಬೇಸಿಗೆಯಲ್ಲಿ ಹಾಗೆ ಇಟ್ಟು, ಜೂನಿನಲ್ಲಿ ತೆಗೆದರೆ ಹಿಂಭಾಗದಲ್ಲಿ ಸಾಸಿವೆ ಕಾಳಿನಷ್ಟು ಮೂರು ತೂತು. ಕತ್ತಲೆ, ಬೆವರಿನ ಜಿಡ್ಡು, ಅಲುಗಾಡದ ಉಣ್ಣೆ ಸಿಕ್ಕರೆ ಹುಳಕ್ಕೆ ಅದೇ ಹಬ್ಬ. ದೊಡ್ಡವ್ವ ಅದೇ ಬಣ್ಣದ ಎಳೆ ಹುಡುಕಿ ರಫು ಮಾಡಿಕೊಟ್ಟರು, ಈಗ ನನಗೇ ಜಾಗ ಸಿಗುವುದಿಲ್ಲ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಅವ್ವನಿಗೆ ಅಂತ ಒಂದು ಆಸನವನ್ನೂ ಕೊಂಡಿದ್ದೆ, ಕಂಬಳಿಯ ಚೂರುಗಳನ್ನು ಕೂಡಿಸಿ ಮಾಡಿದ್ದು. ದೇವರ ಜಗಲಿ ಮುಂದೆ ಹಾಸುವುದು ಅಂದಾಗ ಪಡಸಾಲೆಯವರೇ ತೊಗಲಿನ ಗೋಟು ಬಿಟ್ಟು ನೂಲಿನ ಗೋಟು ಹಾಕಿದರು, ನಾನು ಹೇಳಬೇಕಾಗಲಿಲ್ಲ. ಆ ಆಸನವನ್ನು ನಾನು ಬಿಸಿನೀರಿನಲ್ಲಿ ನೆನೆಸಿ ತಿಕ್ಕಿ ಒಗೆದೆ. ಅದು ಗೇಣಷ್ಟು ಕುಗ್ಗಿ, ಸೊಟ್ಟಗಾಗಿ, ಹಲಗೆಯಂತೆ ಬಿರುಸಾಯಿತು. ಅವ್ವ ಎರಡು ದಿನ ಮಾತಾಡಲಿಲ್ಲ. ತಣ್ಣೀರು, ಅಂಟುವಾಳದ ಕಾಯಿಯ ನೊರೆ, ಹಿಂಡದೆ ಒತ್ತಿ ನೀರು ತೆಗೆಯುವುದು, ಹಾಸಿ ಒಣಗಿಸುವುದು. ಇಷ್ಟು ಬಿಟ್ಟು ಬೇರೇನೂ ಮಾಡಬೇಡಿ.

ಜಿಪ್ಪು ಕಳಪೆ. ಒಳಜೇಬಿನದು ಎರಡು ಸಲ ಬದಲಾಯಿತು, ಕೊನೆಗೆ ಜಿಪ್ಪೇ ಬೇಡ ಅಂತ ಗುಂಡಿ ಹಾಕಿಸಿದೆ. ಹೇಳಿದ ದಿನಕ್ಕೆ ಕೊಡುವುದೂ ಇಲ್ಲ. ಬಿತ್ತನೆ, ಸುಗ್ಗಿ ಬಂದರೆ ಐವರೂ ಹೊಲದಲ್ಲಿ. ಮದುವೆಗೆ ಉಡುಗೊರೆ ಕೊಡಬೇಕು ಅಂತಿದ್ದರೆ ಮೂರು ತಿಂಗಳು ಮೊದಲೇ ಹೇಳಿ. ಈಗ ಇದೇ ಅಳತೆಯ ಚೀಲಕ್ಕೆ 1,900 ರೂಪಾಯಿ. ಜಾಸ್ತಿ ಅಂತ ನನಗೆ ಅನಿಸಿಲ್ಲ. ಒಂದು ಚೀಲಕ್ಕೆ ಎರಡು ದಿನದ ಕೆಲಸ ಹಿಡಿಯುವುದನ್ನು ಕಣ್ಣಾರೆ ನೋಡಿದ್ದೇನೆ.

ಹೋದ ತಿಂಗಳು ಅಪ್ಪನ ಕಂಬಳಿ ತಗೊಂಡು ಹೋಗಿದ್ದೆ. ಅವರು ಹೋಗಿ ಒಂಬತ್ತು ವರ್ಷವಾಯಿತು, ಅಷ್ಟೂ ದಿನ ಟ್ರಂಕಿನಲ್ಲೇ ಇತ್ತು. ನಡುವೆ ಹುಳ ತಿಂದು ಜಾಳಾಗಿದೆ. ದೊಡ್ಡವ್ವ ಅದನ್ನು ಅಂಗಳದಲ್ಲಿ ಹಾಸಿ, ಬೆಳಕಿಗೆ ಎತ್ತಿ ಹಿಡಿದು, ಅಂಗೈಯಿಂದ ಇಂಚಿಂಚೂ ಸವರಿ, ಗಟ್ಟಿ ಇದ್ದ ಕಡೆ ಸೀಮೆಸುಣ್ಣದ ಗೆರೆ ಎಳೆಯುತ್ತ ಹೋದರು. ಎರಡು ಚೀಲ, ಒಂದು ಕನ್ನಡಕದ ಚೀಲ ಆಗುತ್ತದಂತೆ. ಒಂದು ಮೂಲೆಯಲ್ಲಿ ಅಪ್ಪ ಕೆಂಪು ದಾರದಿಂದ ತಾವೇ ಹೊಲಿದುಕೊಂಡಿದ್ದ ಒರಟು ಹೊಲಿಗೆ ಇತ್ತು. ಅಲ್ಲಿ ಸುಣ್ಣ ನಿಂತಿತು. “ಇದನ್ನ ಬಿಡ್ಲೋ, ತಗೊಳ್ಲೋ ಅಕ್ಕೋರ?” ಅಂದರು. ತಗೊಳ್ಳಿ ಅಂದೆ. ಮುಚ್ಚಳದ ಕೆಳಗೆ ಬರುವ ಹಾಗೆ ಗೆರೆ ತಿದ್ದಿ, ಪಕ್ಕದಲ್ಲಿ ನನ್ನ ಹೆಸರಿನ ಮೊದಲ ಅಕ್ಷರ ಬರೆದು ಮಡಚಿಟ್ಟರು. ಜೋಳದ ಸುಗ್ಗಿ ಮುಗಿದ ಮೇಲೆ ಕೈಗೆ ತಗೋತಾರಂತೆ.