ಜೋಧ್‌ಪುರದ ಬಂಡೆ ಪಾರ್ಕಿನಲ್ಲಿ ಸಿಕ್ಕ ಬಳ್ಳಾರಿ ಜಾಲಿ

ಆಫೀಸ್ ಕೆಲಸದ ಮೇಲೆ ಆಗಸ್ಟ್ ಕೊನೆಗೆ ಜೋಧ್‌ಪುರಕ್ಕೆ ಹೋಗಿದ್ದೆ. ಅರ್ಧ ದಿನ ಬಿಡುವು ಸಿಕ್ಕಿತು. ಜೊತೆಗಿದ್ದವರೆಲ್ಲ ಮೆಹ್ರಾನ್‌ಗಢ ಕೋಟೆ ಹತ್ತಿದರು. ನಾನು ಕೋಟೆಯ ಬುಡದಲ್ಲೇ ಇರುವ ರಾವ್ ಜೋಧಾ ಡೆಸರ್ಟ್ ರಾಕ್ ಪಾರ್ಕಿಗೆ ಹೋದೆ. 'ಅಲ್ಲೇನಿದೆ ಮೇಡಂ, ಬರೀ ಮುಳ್ಳು' ಎಂದ ಆಟೋದವನು. ಸಿರುಗುಪ್ಪ ಕಡೆಯವಳನ್ನು ಮುಳ್ಳಿನ ಹೆಸರು ಹೇಳಿ ಹೆದರಿಸ್ತಾನಲ್ಲ ಅಂತ ನಗು ಬಂತು.

ಸಿಂಘೋರಿಯಾ ಪೋಲ್ ಎಂಬ ಹಳೇ ಊರಬಾಗಿಲಿನಲ್ಲೇ ಟಿಕೆಟ್ ಕೊಡುತ್ತಾರೆ. ಗೈಡ್ ಬೇಕೆಂದರೆ ಬೇರೆ ದುಡ್ಡು. ದಯವಿಟ್ಟು ಗೈಡ್ ತಗೊಳ್ಳಿ. ಇಲ್ಲದಿದ್ದರೆ ನಿಮಗೂ ಆ ಆಟೋದವನಿಗೆ ಕಂಡಷ್ಟೇ ಕಾಣುತ್ತದೆ.

ನನಗೆ ಸಿಕ್ಕ ಹುಡುಗ ಹತ್ತು ಹೆಜ್ಜೆ ನಡೆಸಿ, ಗೋಡೆಯಾಚೆ ಇದ್ದ ಒಂದು ಮರಕ್ಕೆ ಬೆರಳು ತೋರಿಸಿದ. 'ಬಾವಲಿಯಾ. ನಮ್ಮ ದೊಡ್ಡ ಶತ್ರು.' ನೋಡಿದರೆ ನಮ್ಮ ಬಳ್ಳಾರಿ ಜಾಲಿ! ಬಾವಲಿಯಾ ಅಂದರೆ ಮಾರ್ವಾಡಿಯಲ್ಲಿ ಹುಚ್ಚ ಅಂತೆ. ನಮ್ಮಲ್ಲಿ ಇದಕ್ಕೆ ನಮ್ಮ ಜಿಲ್ಲೆಯ ಹೆಸರೇ ಇದೆ ಎಂದೆ. 'ಹಾಗಾದರೆ ನೀವೇ ಕಳಿಸಿದ್ದಾ?' ಎಂದು ಕಣ್ಣು ಅಗಲ ಮಾಡಿದ. ಇಲ್ಲಪ್ಪ, ಇಬ್ಬರಿಗೂ ಇದು ಮೆಕ್ಸಿಕೋ, ದಕ್ಷಿಣ ಅಮೆರಿಕದ ಕಡೆಯಿಂದ ಬಂದ ನೆಂಟ. ಇಲ್ಲಿ 1930ರ ದಶಕದಲ್ಲಿ ಮಹಾರಾಜ ಉಮೇದ್ ಸಿಂಗ್ ವಿಮಾನದಿಂದ ಬೀಜ ಚೆಲ್ಲಿಸಿದರಂತೆ, ಊರು ಹಸಿರಾಗಲಿ ಅಂತ. ಮುಂದಿನದನ್ನು ಅವನು ಹೇಳಬೇಕಾಗಿರಲಿಲ್ಲ. ಆಡು ಇದರ ಎಲೆ ಮುಟ್ಟಲ್ಲ, ಕಾಯಿ ಮಾತ್ರ ತಿನ್ನುತ್ತದೆ. ಹಿಕ್ಕೆ ಬಿದ್ದಲ್ಲೆಲ್ಲ ಹೊಸ ಗಿಡ.

2006ರಲ್ಲಿ ಜಾಲಿ ತೆಗೆದು ಇಲ್ಲಿಯದೇ ಗಿಡ ಬೆಳೆಸುವ ಕೆಲಸ ಶುರುವಾದಾಗ ಸುಮಾರು 70 ಹೆಕ್ಟೇರ್ ತುಂಬ ಈ ಹುಚ್ಚನೇ ಇದ್ದನಂತೆ. ಹಿಂದೆ ಸಿನಿಮಾ ಮಾಡುತ್ತಿದ್ದು ಆಮೇಲೆ ಮರಗಿಡದ ಹಿಂದೆ ಬಿದ್ದ ಪ್ರದೀಪ್ ಕ್ರಿಷೆನ್ ಇದರ ಮುಂದಾಳಾಗಿದ್ದರು. ಕಡಿದರೆ ಜಾಲಿ ಸಾಯಲ್ಲ, ಬುಡದಿಂದ ನಾಲ್ಕು ಕೊಂಬೆ ಜಾಸ್ತಿ ಬರುತ್ತದೆ. ಅದು ನಮಗೂ ಗೊತ್ತು. ಆದರೆ ಇಲ್ಲಿ ಬೇರು ಹೋಗಿದ್ದು ಜ್ವಾಲಾಮುಖಿಯಿಂದಾದ ಬಂಡೆಯ ಸಂದಿಗೆ. ಸುಮಾರು 70 ಕೋಟಿ ವರ್ಷದ ಕಲ್ಲು! ಕೊನೆಗೆ ಕೈಹಿಡಿದವರು ಖಂಡವಾಲಿಯಾಗಳು, ಅಂದರೆ ಕಲ್ಲುಗಣಿಯಲ್ಲಿ ದುಡಿಯುವ ಜನ. ಸುತ್ತಿಗೆಯಿಂದ ಬಂಡೆ ತಟ್ಟಿ, ಸದ್ದು ಕೇಳಿಯೇ ಎಲ್ಲಿ ಬಿರುಕಿದೆ ಅಂತ ಹೇಳುತ್ತಿದ್ದರಂತೆ. ಉಳಿ ಹಿಡಿದು ಒಂದೂವರೆ ಅಡಿ ಕೆಳಗಿಳಿದು ಬೇರನ್ನೇ ತೆಗೆದರು. ಆ ಗುಂಡಿಗಳಿಗೇ ಮಣ್ಣು ತುಂಬಿ, ಇಲ್ಲಿಯದೇ ಗಿಡ ಇಟ್ಟರು. ಹುಡುಗ ಅಂಥ ಒಂದು ಗುಂಡಿಯ ಅಂಚನ್ನು ಮುಟ್ಟಿ ನೋಡಿ ಎಂದ. ಉಳಿಯ ಗೆರೆ ಬೆರಳಿಗೆ ಸಿಗುತ್ತಿತ್ತು. ಒಳಗೆ ಮೊಣಕಾಲೆತ್ತರದ ಒಂದು ಪೊದೆ. ಒಂದು ಗಿಡಕ್ಕೆ ಇಷ್ಟು ಕೂಲಿ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಮ್ಮ ಹಿತ್ತಲಿನ ಜಾಲಿಗೆ ಅಪ್ಪ ಮೂರು ಸಲ ಜೆಸಿಬಿ ತರಿಸಿ ಸೋತಿದ್ದಾರೆ.

ಬಂಡೆ ಮೇಲೆ ಜಾಸ್ತಿ ಕಾಣುವುದು ಥೋರ್, ನಮ್ಮ ಕಳ್ಳಿಯ ಜಾತಿ. ಮುರಿದರೆ ಹಾಲು ಸುರಿಯುತ್ತದೆ, ಹಾಗಾಗಿ ಆಡಿನ ಕಾಟವಿಲ್ಲ. ಅದರ ಮುಳ್ಳಿನೊಳಗೆ ಒಂದು ಮೆತ್ತನೆ ಬಳ್ಳಿ ಕೋಟೆಯೊಳಗಿನ ರಾಣಿಯ ಹಾಗೆ ಹಾಯಾಗಿ ಹಬ್ಬಿತ್ತು. ಮಳೆ ನೀರನ್ನು ಕೆರೆಗೆ ಸಾಗಿಸಲು ಬಂಡೆ ಕೊರೆದು ಮಾಡಿದ ಹಾಥಿ ನಹರ್ ಎಂಬ ಹಳೇ ಕಾಲುವೆಯಲ್ಲೂ ನಡೆಯಬಹುದು.

ಮಳೆ ಮುಗಿಯುವ ಹೊತ್ತಿಗೆ ಬನ್ನಿ, ಬೆಳಿಗ್ಗೆ ಬೇಗ ಬನ್ನಿ. ನಾನು ಹನ್ನೊಂದಕ್ಕೆ ಹೋಗಿ ಬೆಂದೆ. ಚಪ್ಪಲಿ ಹಾಕಿದ್ದು ಇನ್ನೊಂದು ದಡ್ಡತನ. ಹಿಮ್ಮಡಿಯಿಂದ ಮುಳ್ಳು ತೆಗೆದುಕೊಟ್ಟಿದ್ದೂ ಆ ಗೈಡ್ ಹುಡುಗನೇ, ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ. ಹೂವಿನ ಮಡಿ, ಹುಲ್ಲುಹಾಸು, ಸೆಲ್ಫಿ ಪಾಯಿಂಟ್ ಬೇಕಾದವರು ಕೋಟೆಗೇ ಹೋಗಲಿ. ನನ್ನ ಲೆಕ್ಕದಲ್ಲಿ ಐದಕ್ಕೆ ಐದು.

ಖೇಜಡಿ ಮರ ಎಲ್ಲಿ ಎಂದು ಆ ಹುಡುಗನನ್ನು ಕೇಳಿದ್ದೆ. ಅದು ಮರಳಿನ ಮರ, ಬಂಡೆಯಲ್ಲಿ ಹುಡುಕಬೇಡಿ ಎಂದ. ಖೇಜಡಿ ಅಂದರೆ ನಮ್ಮ ಬನ್ನಿ ಮರ, ಜಾಲಿಗೆ ದಾಯಾದಿ. 1730ರಲ್ಲಿ ಖೇಜಡ್ಲಿ ಊರಿನಲ್ಲಿ ಇದೇ ಮರ ಉಳಿಸಲು ಬಿಷ್ಣೋಯಿ ಪಂಥದ 363 ಜನ ಪ್ರಾಣ ಕೊಟ್ಟರು. ಇದರ ಎಳೆಕಾಯಿ ಒಣಗಿಸಿದರೆ ಸಾಂಗ್ರಿ. ಪೇಟೆಯಲ್ಲಿ ಕಾಲು ಕೆಜಿ ಕೊಂಡೆ, ಬೆಲೆ ಕೇಳಿ ಕೈ ಹಿಂದೆ ಬಂದಿತ್ತು. ಊರಲ್ಲಿ ರಾತ್ರಿಯಿಡೀ ನೆನೆಹಾಕಿ, ಖಾರ ಹಾಕಿ ಪಲ್ಯ ಮಾಡಿದೆ. 'ಬನ್ನಿಕಾಯಿ ಯಾರರ ತಿಂತಾರೇನು?' ಎಂದು ಅವ್ವ ಮೂಸಿ ನೋಡಿದಳು. ಆಮೇಲೆ ಇನ್ನೊಂದು ರೊಟ್ಟಿ ಕೇಳಿದಳು.