ಸ್ಯಾಕ್ಸೋಫೋನ್ ಅಭ್ಯಾಸಕ್ಕೆ ಟ್ಯಾಬ್: ಮೂರು ಮಳೆಗಾಲ ಕಳೆದ ಮೇಲೆ

ಈ ಟ್ಯಾಬ್ ಸಂಗೀತಕ್ಕೆಂದು ಕೊಂಡದ್ದಲ್ಲ. 2021ರಲ್ಲಿ ಮಗಳ ಆನ್‌ಲೈನ್ ಕ್ಲಾಸಿಗೆ ಹದಿಮೂರು ಸಾವಿರ ಕೊಟ್ಟು ತಂದದ್ದು. ಅವಳಿಗೆ ಲ್ಯಾಪ್‌ಟಾಪ್ ಬಂದ ಮೇಲೆ ಕಪಾಟಿನಲ್ಲಿ ಮಲಗಿತ್ತು. ನಲವತ್ತೆಂಟನೇ ವಯಸ್ಸಿಗೆ ನಾನು ಸ್ಯಾಕ್ಸೋಫೋನ್ ಕಲಿಯಲು ಹೊರಟಾಗ ಅದಕ್ಕೂ ಒಂದು ಕೆಲಸ ಸಿಕ್ಕಿತು. ರ‍್ಯಾಮ್ ಎಷ್ಟು, ಎಷ್ಟು ಇಂಚು ಎಂದೆಲ್ಲ ಕೇಳಬೇಡಿ, ಡಬ್ಬದ ಮೇಲೆ ಬರೆದಿರುತ್ತದೆ.

ಮಂಗಳೂರಲ್ಲಿ ಈ ವಾದ್ಯ ಕಲಿಯುತ್ತೇನೆ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಸ್ಯಾಕ್ಸೋಫೋನ್ ವಿದ್ವಾಂಸ ಕದ್ರಿ ಗೋಪಾಲನಾಥರು ಬದುಕಿದ ಊರು. ಮದುವೆ, ನೇಮ (ದೈವದ ಕೋಲ), ಉತ್ಸವ ಎಲ್ಲ ಕಡೆ ಸ್ಯಾಕ್ಸೋಫೋನ್ ಉಂಟು. ಹುಬ್ಬೇರಿಸುವವರು ನಮ್ಮ ಫ್ಲ್ಯಾಟಿನ ಮೇಲಿನ ಮನೆಯವರು ಮಾತ್ರ. ಅವರಿಗಾಗಿ ನನ್ನ ಅಭ್ಯಾಸ ಸಂಜೆ ಆರೂವರೆಯಿಂದ ಏಳೂವರೆ, ಹಿಂದಿನ ಕೋಣೆಯಲ್ಲಿ, ಕಿಟಕಿ ಹಾಕಿ.

ಚಾ ಕುಡಿದು, ಬಾಯಿ ತೊಳೆದು, ರೀಡನ್ನು (ಊದಿದಾಗ ಕಂಪಿಸಿ ಸ್ವರ ಹುಟ್ಟಿಸುವ ತೆಳು ಪಟ್ಟಿ) ತುಟಿಯಲ್ಲಿ ಇಟ್ಟುಕೊಳ್ಳುತ್ತೇನೆ. ಅದು ನೆನೆಯುವಷ್ಟರಲ್ಲಿ ಟ್ಯಾಬನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಏರೋಪ್ಲೇನ್ ಮೋಡ್ ಹಾಕಿ (ಇಲ್ಲದಿದ್ದರೆ ನುಡಿಸುವ ನಡುವೆ ಸಾಲ ಬೇಕಾ ಅಂತ ಯಾರಾದರೂ ಬರುತ್ತಾರೆ) ಇಡುತ್ತೇನೆ. ಮೊದಲೆಲ್ಲ ಸ್ಪೀಕರಿಗೆಂದು ಬ್ಲೂಟೂತ್ ಮಾತ್ರ ಮತ್ತೆ ಆನ್ ಮಾಡುತ್ತಿದ್ದೆ. ಮಳೆಗಾಲದಲ್ಲಿ ಜಿ ಶಾರ್ಪ್ ಕೀಲಿಯ, ತೂತು ಮುಚ್ಚುವ ಪ್ಯಾಡ್ ತೇವಕ್ಕೆ ಅಂಟಿಕೊಂಡಿರುತ್ತದೆ. ಅದರಡಿ ಹತ್ತು ರೂಪಾಯಿಯ ನೋಟು ತೂರಿಸಿ, ಕೀಲಿ ಮೆಲ್ಲ ಒತ್ತಿ ಎಳೆಯಬೇಕು. ಆಮೇಲೆ ಟ್ಯೂನರ್ ಆ್ಯಪ್ ತೆರೆದು ಒಂದು ಉದ್ದ ಷಡ್ಜ (ಸ). ತಣ್ಣಗಿರುವಾಗ ಮುಳ್ಳು ಕೆಳಗೇ ನಿಲ್ಲುತ್ತದೆ, ಹತ್ತು ನಿಮಿಷ ಊದಿ ವಾದ್ಯ ಬಿಸಿಯಾದರೆ ತಾನಾಗಿ ಮೇಲೆ ಬರುತ್ತದೆ. ಅವಸರದಲ್ಲಿ ಮೊದಲೇ ಮೌತ್‌ಪೀಸ್ ಒಳಗೆ ತಳ್ಳಿದರೆ ಆಮೇಲೆ ಹೊರಗೆ ಎಳೆಯುವ ಕೆಲಸ.

ನಮ್ಮ ಮಾಸ್ಟ್ರು ವಾಟ್ಸಾಪಿನಲ್ಲಿ ಟ್ರ್ಯಾಕ್ ಕಳಿಸುತ್ತಾರೆ. ಮೊದಲು ಆದಿತಾಳದ ಎಂಟು ಏಟು, ಆಮೇಲೆ ಮೃದಂಗ. ಎಂಟು ಎಣಿಸಿ ನಾನು ಎತ್ತಬೇಕು. ಎಲ್ಲವೂ ಎರಡೂವರೆ ಶ್ರುತಿಗೆ, ಅಂದರೆ ಷಡ್ಜ ಡಿ ಶಾರ್ಪ್‌ನಲ್ಲಿ; ನನ್ನ ಆಲ್ಟೋ ಸ್ಯಾಕ್ಸೋಫೋನಿನಲ್ಲಿ ಅದು ಸಿ ಸ್ವರದ ಬೆರಳಿಗೇ ಬರುತ್ತದೆ, ಹಾಗಾಗಿ ಲೆಕ್ಕದ ತಲೆನೋವಿಲ್ಲ. ಮೊದಲ ಮಳೆಗಾಲವಿಡೀ ಆದದ್ದೆಂದರೆ, ನಾನು ಎಂಟು ಎಣಿಸಿ ಎತ್ತುವಾಗ ಮೃದಂಗ ಆಗಲೇ ಒಂದು ಏಟು ಮುಂದೆ. ಪ್ರತಿ ದಿನ! ವಯಸ್ಸಾಯಿತು, ತಾಳ ಬರುವುದಿಲ್ಲ ಅಂದುಕೊಂಡೆ. ಕೊನೆಗೆ ಏಳಕ್ಕೇ ಎತ್ತುವುದನ್ನು ರೂಢಿ ಮಾಡಿಕೊಂಡೆ. ಮನೆಯಲ್ಲಿ ಎಲ್ಲ ಸರಿಹೋಯಿತು. ಕ್ಲಾಸಿನಲ್ಲಿ ಮಾಸ್ಟ್ರು ತೊಡೆ ತಟ್ಟಿ ಎಂಟು ಕೊಡುವಾಗ ಏಳಕ್ಕೇ ನುಗ್ಗಿದೆ.

"ಎಂತ ಅವಸರ ನಿಮಗೆ? ಬಸ್ಸು ತಪ್ಪುತ್ತದಾ?"

ಎರಡು ತಿಂಗಳು ಇದೇ ಮಾತು ಕೇಳಿದೆ. ಒಂದು ಸಂಜೆ ಗಾಳಿಮಳೆಗೆ ಬೆಳಿಗ್ಗೆಯಿಂದ ಕರೆಂಟಿರಲಿಲ್ಲ, ಸ್ಪೀಕರಿನ ಚಾರ್ಜ್ ಮುಗಿದಿತ್ತು. ಟ್ಯಾಬಿನ ಸ್ವಂತ ಸೊರಗಿದ ಸ್ಪೀಕರಿನಲ್ಲೇ ಹಾಕಿದೆ. ಎಂಟು ಏಟು. ಮತ್ತೆ ಹಾಕಿದೆ, ಎಂಟೇ. ಬ್ಲೂಟೂತ್ ಸ್ಪೀಕರಿನಲ್ಲಿ ಕೇಳುತ್ತಿದ್ದದ್ದು ಏಳು!

ಸದ್ದಿಲ್ಲದಿದ್ದರೆ ಬ್ಯಾಟರಿ ಉಳಿಸಲು ಆ ಸ್ಪೀಕರ್ ತೂಕಡಿಸುತ್ತದೆ. ಶಬ್ದ ಬಂದಾಗ ಎಚ್ಚರವಾಗಲು ಅರೆಕ್ಷಣ ಬೇಕು, ಅಷ್ಟರಲ್ಲಿ ಮೊದಲ ಏಟು ಹೋಗಿ ಆಗಿರುತ್ತದೆ. ಹಾಡು ಕೇಳುವವರಿಗೆ ಇದು ಗೊತ್ತೇ ಆಗುವುದಿಲ್ಲ. ತಾಳ ಎಣಿಸುವವನ ಮಾನ ಹೋಗುತ್ತದೆ.

ಬ್ಲೂಟೂತ್ ಅಂದರೆ ಶಬ್ದ ತಡ ಅಂತ ಎಲ್ಲರೂ ಹೆದರಿಸುತ್ತಾರಲ್ಲ, ಬರೀ ಟ್ರ್ಯಾಕಿನ ಜೊತೆ ನುಡಿಸುವವರಿಗೆ ಅದು ಸಮಸ್ಯೆಯೇ ಅಲ್ಲ. ಕಿವಿಗೆ ಬಂದದ್ದಕ್ಕೆ ನುಡಿಸುವುದು ತಾನೇ, ತಡವಾಗಿ ಬಂದರೂ ಎಲ್ಲ ಒಟ್ಟಿಗೇ ತಡ. ಸ್ಕ್ರೀನಿನಲ್ಲಿ ಓಡುವ ಸ್ವರ ನೋಡಿ ನುಡಿಸಲು ಹೋದರೆ ಮಾತ್ರ ಕಣ್ಣು ಮುಂದೆ, ಕಿವಿ ಹಿಂದೆ.

ನೂರಿಪ್ಪತ್ತು ರೂಪಾಯಿಗೆ ಒಂದು ವಯರ್ ತಂದೆ. ಟ್ಯಾಬಿನಲ್ಲಿ ಹಳೆಯ ಇಯರ್‌ಫೋನ್ ತೂತು ಉಂಟು, ಸ್ಪೀಕರಿನಲ್ಲೂ ಉಂಟು. ಎಂಟಕ್ಕೆ ಎಂಟೂ ಬಂತು. ಕೋಪ ಅರ್ಧ ಇಳಿಯಿತು. ಹೊಸತು ಕೊಳ್ಳುವವರು ಮೊದಲು ಈ ತೂತು ಉಂಟಾ ನೋಡಿ, ಈಗ ಹಲವು ಟ್ಯಾಬ್‌ಗಳಲ್ಲಿ ಅದಿಲ್ಲ. ನಮ್ಮ ಉಪ್ಪುಗಾಳಿಗೆ ವಯರಿನ ತುದಿ ಹಸಿರುಗಟ್ಟಿ ಕರಕರ ಅನ್ನುತ್ತದೆ. ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸಬೇಕು. ನನ್ನದು ಈಗ ಮೂರನೇ ವಯರ್.

ಇನ್ನೊಂದು ತಕರಾರು: ನನ್ನ ಟ್ಯಾಬಿನಲ್ಲಿ ಶ್ರುತಿಯ ಆ್ಯಪ್ ಹಾಕಿ ಟ್ರ್ಯಾಕ್ ತೆರೆದರೆ ಶ್ರುತಿ ಬಾಯಿ ಮುಚ್ಚುತ್ತದೆ. ಈಗ ಶ್ರುತಿ ಫೋನಿನಲ್ಲಿ, ಟ್ರ್ಯಾಕ್ ಟ್ಯಾಬಿನಲ್ಲಿ.

ಇಷ್ಟೆಲ್ಲ ಬೈದರೂ ಇದನ್ನು ಬಿಡದಿರುವುದು ಒಂದೇ ಕಾರಣಕ್ಕೆ, ವೇಗ ಇಳಿಸುವ ಸೌಲಭ್ಯ. ಹಳೇ ಟೇಪ್ ನಿಧಾನ ಮಾಡಿದರೆ ಶ್ರುತಿಯೂ ಇಳಿಯುತ್ತಿತ್ತು. ಇದರಲ್ಲಿ ಶ್ರುತಿ ಅಲ್ಲೇ ನಿಲ್ಲುತ್ತದೆ. ಮೋಹನ ರಾಗದ ವರ್ಣದ (ಕರ್ನಾಟಕ ಸಂಗೀತದ ಒಂದು ಬಗೆಯ ರಚನೆ) ಚಿಟ್ಟೆಸ್ವರ, ಅಂದರೆ ಅದರಲ್ಲಿ ಬರುವ ಸ್ವರಗಳ ಭಾಗ, ನನಗೆ ಬಾಯಲ್ಲಿ ಬರುತ್ತದೆ, ಬೆರಳಲ್ಲಿ ಬರುತ್ತಿರಲಿಲ್ಲ. ಮಾಸ್ಟ್ರು ನುಡಿಸಿ ಕಳಿಸಿದ್ದನ್ನು ಎಪ್ಪತ್ತು ಪರ್ಸೆಂಟಿಗೆ ಇಳಿಸಿ, ಒಂದೇ ಆವರ್ತ (ತಾಳದ ಒಂದು ಸುತ್ತು) ಗುರುತು ಹಾಕಿ ಸುತ್ತಲು ಬಿಟ್ಟೆ. ಮೂವತ್ತು ನಲವತ್ತು ಸಲ ಸುತ್ತಿದ ಮೇಲೆ, ಅವರು ಗಾಂಧಾರದಿಂದ ಪಂಚಮಕ್ಕೆ ಹೋಗುವಾಗ ರೀಡಿಗೆ ನಾಲಿಗೆ ತಾಗಿಸುವುದೇ ಇಲ್ಲ ಎಂದು ಕೇಳಿಸಿತು. ಬರೀ ಉಸಿರಿನಲ್ಲಿ ಜಾರಿ ಹೋಗುತ್ತಾರೆ. ಒಂದೂವರೆ ವರ್ಷ ಎದುರು ಕುಳಿತು ಕಲಿತರೂ ನನಗೆ ಕೇಳಿರಲಿಲ್ಲ. ಆ ದಿನ ಏಳೂವರೆ ದಾಟಿದ್ದು ಗೊತ್ತಾಗಲಿಲ್ಲ, ಮೇಲಿನ ಮನೆಯವರು ಕುರ್ಚಿ ಎಳೆದು ತಿಳಿಸಿದರು. ಐವತ್ತಕ್ಕೆ ಇಳಿಸಬೇಡಿ, ಮೃದಂಗ ಒದ್ದೆ ಗೋಣಿಗೆ ಬಡಿದಂತೆ ಕೇಳುತ್ತದೆ. ಸಿನಿಮಾ ಹಾಡಿನ ಕರೋಕೆಯನ್ನು ನನ್ನ ಶ್ರುತಿಗೆ ಒಂದೆರಡು ಮನೆ (ಅರ್ಧ ಸ್ವರ) ಸರಿಸಿದರೆ ಪರವಾಗಿಲ್ಲ, ನಾಲ್ಕೈದು ಸರಿಸಿದರೆ ತಗಡು.

ಐದರಲ್ಲಿ ನಾಲ್ಕು ನಕ್ಷತ್ರ ಟ್ಯಾಬಿಗೆ. ಸ್ಪೀಕರಿಗೆ ಎರಡು, ಅದೂ ಅಡುಗೆಮನೆಯಲ್ಲಿ ಹೆಂಡತಿಗೆ ಭಜನೆ ಕೇಳಿಸುತ್ತದೆ ಅಂತ.

ಮೊನ್ನೆ ಮಾಸ್ಟ್ರಿಗೆ ಈ ಏಳು ಎಂಟರ ಕಥೆ ಹೇಳಿದೆ. ಚೆನ್ನಾಗಿ ನಕ್ಕರು. ರಾತ್ರಿ ಹೊಸ ಟ್ರ್ಯಾಕ್ ಬಂತು, ಎಣಿಸಿ ನೋಡಿದರೆ ಒಂಬತ್ತು ಏಟು. "ಒಂದು ನಿಮ್ಮ ಸ್ಪೀಕರಿಗೆ" ಅಂತ ಬರೆದಿದ್ದರು. ವಯರ್ ಹಾಕಿಯಾಗಿದೆ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.