ಐಂಡ್‌ಹೋವನ್‌ನಲ್ಲಿ ಡಚ್ ಸಿಟಿ ಸೈಕಲ್: ನಾಲ್ಕು ವರ್ಷಗಳ ಬಳಕೆಯ ನಂತರ

ನೆದರ್ಲೆಂಡ್ಸ್‌ನ ಐಂಡ್‌ಹೋವನ್ ನಗರಕ್ಕೆ ಕೆಲಸಕ್ಕೆಂದು ಬರುವ ನಮ್ಮವರು ಮನೆ ಸಿಕ್ಕ ಕೂಡಲೇ ಹತ್ತಿರದ ಜಿಮ್ ಯಾವುದೆಂದು ವಿಚಾರಿಸುತ್ತಾರೆ. ಅದಕ್ಕೂ ಮೊದಲು ಒಂದು ಒಳ್ಳೆಯ ಸಿಟಿ ಸೈಕಲ್ ಕೊಳ್ಳಿ ಎನ್ನುವುದು ನಾಲ್ಕು ವರ್ಷಗಳಿಂದ ಮಳೆ, ಚಳಿ, ಗಾಳಿ ಎನ್ನದೆ ಅದನ್ನೇ ತುಳಿಯುತ್ತಿರುವ ನನ್ನ ಖಚಿತ ಅಭಿಪ್ರಾಯ. ನನ್ನದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕೊಂಡ, ಮೂರು ಗೇರುಗಳ, ಬೆನ್ನು ನೆಟ್ಟಗಿಟ್ಟು ಕೂರಬಹುದಾದ ಸಾಮಾನ್ಯ ಡಚ್ ಸೈಕಲ್.

ಇದರ ದೊಡ್ಡ ಗುಣವೆಂದರೆ ವ್ಯಾಯಾಮಕ್ಕೆಂದು ಬೇರೆ ಸಮಯ ಕೇಳದಿರುವುದು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ತೀವ್ರತೆಯ ದೈಹಿಕ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಮನೆಯಿಂದ ಪಕ್ಕದ ಊರಾದ ವೆಲ್ಡ್‌ಹೋವನ್‌ನ ಕಚೇರಿಗೆ ಇಪ್ಪತ್ತು ನಿಮಿಷಗಳ ದಾರಿಯಿದ್ದರೂ ವಾರದಲ್ಲಿ ನಾಲ್ಕು ದಿನ ಹೋಗಿ ಬಂದರೆ 160 ನಿಮಿಷಗಳಾಗುತ್ತವೆ. ಮಗುವನ್ನು ಶಾಲೆಗೆ ಬಿಡುವುದು, ಶನಿವಾರ ತರಕಾರಿ ತರುವುದು ಇವೆಲ್ಲ ಅದರ ಮೇಲಿನ ಲಾಭ. ಇವತ್ತು ಹೋಗಲೋ ಬೇಡವೋ ಎಂದು ಮನಸ್ಸಿನೊಂದಿಗೆ ಚೌಕಾಸಿ ನಡೆಸುವ ಪ್ರಮೇಯವೇ ಇಲ್ಲ, ಏಕೆಂದರೆ ಕಚೇರಿಗಂತೂ ಹೋಗಲೇಬೇಕು. ದಾರಿಯೂ ಇದಕ್ಕೆ ಒದಗಿಬರುತ್ತದೆ. 2012ರಲ್ಲಿ ತೆರೆದ ಹೋವನ್‌ರಿಂಗ್ ಎಂಬ ವೃತ್ತಾಕಾರದ ಸೇತುವೆ, 70 ಮೀಟರ್ ಎತ್ತರದ ಒಂದೇ ಕಂಬದಿಂದ ಇಳಿಬಿಟ್ಟ 24 ಉಕ್ಕಿನ ಹಗ್ಗಗಳ ಆಧಾರದಲ್ಲಿ, ಕಾರುಗಳ ದೊಡ್ಡ ಕೂಡುರಸ್ತೆಯ ಮೇಲೆ ಸೈಕಲ್ ಸವಾರರನ್ನು ದಾಟಿಸುತ್ತದೆ. ಸಿಗ್ನಲ್ಲಿಗಾಗಿ ನಿಲ್ಲದೆ ಒಂದೇ ಗತಿಯಲ್ಲಿ ತುಳಿಯಲು ಸಿಗುವ ಇಂಥ ದಾರಿಯಿಂದಲೇ ಉಸಿರು, ಎದೆಬಡಿತ ಒಂದು ಹದಕ್ಕೆ ಬರುತ್ತವೆ.

ಸೈಕಲ್ಲಿನ ರಚನೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿತ್ಯ ಬಳಕೆ ನಿಲ್ಲುವುದೂ ಮುಂದುವರಿಯುವುದೂ ಇಲ್ಲಿಯೇ. ಚೈನು ಪೂರ್ತಿ ಕವರಿನೊಳಗೆ ಮುಚ್ಚಿಕೊಂಡಿರುವುದರಿಂದ ಕಚೇರಿಯ ಪ್ಯಾಂಟಿಗೆ ಗ್ರೀಸ್ ತಾಗುವುದಿಲ್ಲ. ಹಿಂದಿನ ಚಕ್ರದ ಮೇಲರ್ಧಕ್ಕೆ ನಮ್ಮ ಊರಿನ ಸೀರೆ ಗಾರ್ಡಿನ ಕೆಲಸವನ್ನೇ ಮಾಡುವ ಹೊದಿಕೆಯಿದೆ. ನನ್ನ ಹೆಂಡತಿ ಯುಗಾದಿಯ ದಿನ ಸೀರೆಯುಟ್ಟು ಕನ್ನಡ ಬಳಗದ ಕಾರ್ಯಕ್ರಮಕ್ಕೆ ಇದರಲ್ಲಿಯೇ ಹೋದಾಗಲೂ ಸೆರಗು ಕಡ್ಡಿಗಳಿಗೆ ಸಿಕ್ಕಲಿಲ್ಲ. ಗೇರುಗಳು ಹಿಂದಿನ ಚಕ್ರದ ನಡುವಿನ ಹಬ್ ಎಂಬ ಭಾಗದೊಳಗೇ ಇರುವುದರಿಂದ ನಿಂತಲ್ಲೇ ಬದಲಿಸಬಹುದು, ಮಳೆ ಕೆಸರುಗಳೂ ಅವನ್ನು ಬಾಧಿಸುವುದಿಲ್ಲ. ಇಷ್ಟು ವರ್ಷಗಳಲ್ಲಿ ಬ್ರೇಕ್ ಕೇಬಲ್, ಹಿಂದಿನ ಟೈರು ಮತ್ತು ಕೆಲವು ಪಂಕ್ಚರುಗಳನ್ನು ಬಿಟ್ಟರೆ ದೊಡ್ಡ ಖರ್ಚು ಬಂದಿಲ್ಲ.

ದೇಹದ ಮಟ್ಟಿಗೆ ಹೇಳುವುದಾದರೆ, ನಾಲ್ಕನೇ ಮಹಡಿಯ ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ನಿಂತಿದೆ, ರಾತ್ರಿ ನಿದ್ದೆ ಚೆನ್ನಾಗಿ ಹತ್ತುತ್ತದೆ. ಆದರೆ ತೂಕ ಇಳಿಯುತ್ತದೆಂಬ ಭರವಸೆಯಿಂದ ಮಾತ್ರ ಕೊಳ್ಳಬೇಡಿ. ಸಮತಟ್ಟಾದ ಈ ಊರಿನಲ್ಲಿ ಊಟದ ಅಳತೆ ಬದಲಾಗದೆ ತೂಕ ಬದಲಾಗುವುದಿಲ್ಲ. ಭುಜ, ತೋಳು, ಬೆನ್ನಿಗೂ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕೆಂದು ಅದೇ ಮಾರ್ಗಸೂಚಿ ಹೇಳುವುದರಿಂದ, ಮನೆಯಲ್ಲಿ ದಂಡ, ಬಸ್ಕಿಗಳನ್ನು ಸೇರಿಸಿಕೊಂಡಿದ್ದೇನೆ. ಮಂಡಿನೋವಿನ ದೂರು ಹೇಳುವ ಹೊಸಬರಲ್ಲಿ ಹೆಚ್ಚಿನವರ ಸೀಟು ತೀರಾ ತಗ್ಗಿನಲ್ಲಿರುವುದನ್ನು ನೋಡಿದ್ದೇನೆ. ಬೀಳುವ ಭಯಕ್ಕೆ ಎರಡೂ ಪಾದ ನೆಲಕ್ಕೆ ತಾಗುವಂತೆ ಸೀಟು ಇಳಿಸಿಕೊಳ್ಳುತ್ತಾರೆ. ಪೆಡಲು ಅತಿ ಕೆಳಗಿದ್ದಾಗ ಕಾಲು ಹೆಚ್ಚುಕಡಿಮೆ ನೇರವಾಗುವಷ್ಟು ಎತ್ತರಿಸಿದರೆ ಮಂಡಿಗೆ ಬೀಳುವ ಭಾರ ತಗ್ಗುತ್ತದೆ.

ಕೊರತೆಗಳೂ ಇವೆ. ಸುಮಾರು ಇಪ್ಪತ್ತು ಕಿಲೋ ತೂಗುವ ಇದನ್ನು ಮೆಟ್ಟಿಲ ಮೇಲೆ ಎತ್ತಿಕೊಂಡು ಹೋಗುವುದು ತ್ರಾಸದ ಕೆಲಸ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಬೀಳುವ ಹಿಂಬದಿಯ ಬ್ರೇಕಿಗೆ ಕಾಲು ಒಗ್ಗಲು ಕೆಲವು ವಾರಗಳೇ ಬೇಕು. ಎಲ್ಲಕ್ಕಿಂತ ಕಠಿಣವಾದದ್ದು ಎದುರುಗಾಳಿ. ನೆಟ್ಟಗೆ ಕೂತ ಸವಾರನ ಎದೆಗೆ ಅದು ನೇರವಾಗಿ ಅಪ್ಪಳಿಸುತ್ತದೆ, ಬೆಟ್ಟಗಳಿಲ್ಲದ ಈ ನಾಡಿನಲ್ಲಿ ಏರು ಎಂದರೆ ಗಾಳಿಯೇ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಎಂಟೂವರೆಯ ಸುಮಾರಿಗೆ, ಮುಳುಗುವುದು ನಾಲ್ಕೂವರೆಯ ಹೊತ್ತಿಗೆ. ಹೋಗುವಾಗಲೂ ಬರುವಾಗಲೂ ಕತ್ತಲೆ. ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು ದೀಪ ಇಲ್ಲದಿದ್ದರೆ ದಂಡ ತೆರಬೇಕು; ಮೊಬೈಲ್ ಕೈಯಲ್ಲಿ ಹಿಡಿದು ಸವಾರಿ ಮಾಡುವುದನ್ನು 2019ರ ಜುಲೈನಿಂದ ನಿಷೇಧಿಸಲಾಗಿದೆ. ಇಷ್ಟಾದರೂ ಚಳಿಗಾಲದಲ್ಲಿ ಬಿಡಬೇಡಿ ಎಂದೇ ನನ್ನ ಒತ್ತಾಯ, ಏಕೆಂದರೆ ಪರದೇಶದಲ್ಲಿ ಮನೆಯೊಳಗೆ ಮುದುರಿಕೊಂಡು ದೇಹವೂ ಮನಸ್ಸೂ ಜಡವಾಗುವುದು ಆ ತಿಂಗಳುಗಳಲ್ಲಿಯೇ. ಮುಖ್ಯ ಸೈಕಲ್ ಹಾದಿಗಳಲ್ಲಿ ಮಂಜುಗಡ್ಡೆ ಕಟ್ಟದಂತೆ ನಗರಸಭೆಯವರು ಉಪ್ಪು ಹಾಕುತ್ತಾರೆ. ನಿಮಗೆ ಬೇಕಾದದ್ದು ಒಳ್ಳೆಯ ಕೈಗವಸು ಮತ್ತು ಮಳೆ ಪ್ಯಾಂಟು.

ಕಚೇರಿ ಹದಿನೈದು ಕಿಲೋಮೀಟರಿಗಿಂತ ದೂರವಿದ್ದವರಿಗೆ ಮೋಟಾರಿನ ಸಹಾಯವಿರುವ ಸೈಕಲ್ ಲೇಸು. ಉಳಿದವರಿಗೆ ಸಾದಾ ಸೈಕಲ್ಲೇ ಸಾಕು. ಹಿಂದಿನ ಚಕ್ರದ ರಿಂಗ್ ಬೀಗದ ಜೊತೆಗೆ ದಪ್ಪ ಚೈನಿನ ಇನ್ನೊಂದು ಬೀಗವನ್ನೂ ಕೊಳ್ಳಿ. ಬೀದಿಯಲ್ಲಿ ಯಾರಾದರೂ ತೀರಾ ಅಗ್ಗಕ್ಕೆ ಕೊಡಲು ಬಂದರೆ ಬೇಡವೆನ್ನಿ, ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ಇಲ್ಲಿ ಅಪರಾಧ. ಖಾಸಗಿಯಾಗಿ ಕೊಳ್ಳುವುದಾದರೆ ಹಣ ಕೊಡುವ ಮೊದಲು ಫ್ರೇಮಿನ ಮೇಲಿನ ಸಂಖ್ಯೆಯನ್ನು ವಾಹನ ನೋಂದಣಿ ಸಂಸ್ಥೆಯಾದ ಆರ್‌ಡಿಡಬ್ಲ್ಯೂನ ಕಳವು ಸೈಕಲ್‌ಗಳ ಪಟ್ಟಿಯಲ್ಲಿ ಹುಡುಕಿ ನೋಡಿ.